ನುಡಿಯೊಳಗಿನ ನಡೆ

‘ಒದೆ’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿತೆನ್ನಿ. ನೀವು ಒದೆಯಲಿಲ್ಲ, ಕುಳಿತಲ್ಲಿಯೇ ಕುಳಿತಿದ್ದೀರಿ. ಆದರೂ ಅರ್ಥವಾಯಿತು. ಹೇಗೆ?

ನಾಮಪದದಲ್ಲಿ ವಸ್ತುವೂ ಆಖ್ಯಾತದಲ್ಲಿ ಕ್ರಿಯೆಯೂ ಪ್ರಧಾನವೆಂದು ನಿರುಕ್ತಕಾರನಾದ ಯಾಸ್ಕನು ಬಹು ಹಿಂದೆಯೇ ತಿಳಿಸಿದನು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣವನ್ನಿಟ್ಟನು. ಈ ಭೇದವು ವ್ಯಾಕರಣದಲ್ಲಿ ಮಾತ್ರವೋ, ನಮ್ಮ ಮಿದುಳಿನಲ್ಲಿಯೂ ಉಂಟೋ?

ಮಿದುಳಿನ ಹೊರಪದರದಲ್ಲಿ ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿಯಿದೆ. ಅಂಗಗಳ ಚಲನೆಗೆ ಅಪ್ಪಣೆ ಹೊರಡುವುದು ಬಹುಮಟ್ಟಿಗೆ ಅಲ್ಲಿಂದ. ಕೆನಡಾದ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರು ಎಚ್ಚರವಿದ್ದ ರೋಗಿಗಳ ಮಿದುಳಿಗೆ ಮೆಲ್ಲನೆ ವಿದ್ಯುತ್ತನ್ನು ಸೋಕಿಸಿ, ಯಾವ ಎಡೆ ಯಾವ ಅಂಗದ್ದೆಂದು ಗುರುತಿಸಿ 1937ರಲ್ಲಿ ಪ್ರಕಟಿಸಿದರು. ಕಾಲಿನದು ಮೇಲೆ, ಕೈಯದು ನಡುವೆ, ಬಾಯಿ ನಾಲಗೆಗಳದು ಕೆಳಗೆ.

2004ರಲ್ಲಿ ಕೇಂಬ್ರಿಜ್ಜಿನಿಂದ ಒಂದು ಸ್ವಾರಸ್ಯದ ಸುದ್ದಿ ಬಂದಿತು. ಹೌಕ್, ಜಾನ್ಸ್‌ರೂಡ್, ಪುಲ್ವರ್‌ಮ್ಯೂಲರ್ ಎಂಬ ವಿದ್ವಾಂಸರು ಕೆಲವರನ್ನು ಅಯಸ್ಕಾಂತದ ಯಂತ್ರದೊಳಗೆ ಮಲಗಿಸಿ, ಲಿಕ್, ಪಿಕ್, ಕಿಕ್, ಎಂದರೆ ನೆಕ್ಕು, ಹೆಕ್ಕು, ಒದೆ, ಮೊದಲಾದ ಇಂಗ್ಲಿಷ್ ಮಾತುಗಳನ್ನು ಮನಸ್ಸಿನಲ್ಲಿಯೇ ಓದಿಸಿದರು. ಮೈ ಅಲುಗಲಿಲ್ಲ. ಆದರೂ ಕೈಯ ಕೆಲಸದ ಮಾತಿಗೆ ಕೈಯ ಎಡೆಯ ಆಸುಪಾಸಿನಲ್ಲಿ, ಕಾಲಿನ ಮಾತಿಗೆ ಕಾಲಿನ ಎಡೆಯ ಆಸುಪಾಸಿನಲ್ಲಿ ರಕ್ತಸಂಚಾರ ಹೆಚ್ಚಿತು!

ಹಾಗಾದರೆ ಅರ್ಥವಿರುವುದು ಅಲ್ಲಿಯೇ ಏನು? ಅವಸರ ಬೇಡ. ಸೌದೆಯೊಲೆ ಉರಿಯುವಲ್ಲಿ ಹೊಗೆಯುಂಟು. ಅನ್ನವನ್ನು ಬೇಯಿಸುವುದು ಹೊಗೆಯಲ್ಲ. ಮಿದುಳಿನ ಆ ಮಿಡಿತವೂ ಅರ್ಥದ ಬೆನ್ನಿಗೆ ಬರುವ ಹೊಗೆ ಮಾತ್ರವಾಗಿರಬಾರದೇಕೆ? ಹಕ್ಕಿಯಂತೆ ಹಾರಿದವರು ನಮ್ಮಲ್ಲಿ ಯಾರೂ ಇಲ್ಲ. ‘ಹಾರು’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಎಡಗಿವಿಯ ಹಿಂಬದಿಗೆ ಸಮೀಪವಾದ ಬೇರೊಂದು ಭಾಗವೂ ಕ್ರಿಯಾಪದಗಳಿಗೆ ಓಗೊಡುತ್ತದೆ, ಹುಟ್ಟುಕುರುಡರಲ್ಲಿಯೂ ಓಗೊಡುತ್ತದೆ.

ಇನ್ನೊಂದು ಪಕ್ಷಕ್ಕೂ ಬಲವಾದ ಸಾಕ್ಷ್ಯವಿದೆ. ಪಾರ್ಕಿನ್ಸನ್ ಎಂಬ ನಡುಕದ ರೋಗದಲ್ಲಿ ಚಲನೆಯ ವ್ಯವಸ್ಥೆ ಕುಗ್ಗುತ್ತದೆ. ವೆರೊನಿಕ್ ಬೂಲಾಂಜೆ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಥ ರೋಗಿಗಳಿಗೆ ಒಂದು ಪದವನ್ನು ಅರಿವಿಗೆ ಬಾರದಷ್ಟು ಕ್ಷಣಮಾತ್ರ ತೋರಿಸಿ, ಅದನ್ನೇ ಮತ್ತೆ ತೋರಿಸಲಾಯಿತು. ಮೊದಲ ನೋಟದಿಂದ ಎರಡನೆಯದರ ಗುರುತು ಬೇಗ ಸಿಕ್ಕಬೇಕು. ಔಷಧವಿಲ್ಲದಿದ್ದಾಗ ನಾಮಪದಗಳಲ್ಲಿ ಈ ನೆರವು ದೊರೆಯಿತು. ಕ್ರಿಯಾಪದಗಳಲ್ಲಿ ಬಹುಪಾಲು ದೊರೆಯಲಿಲ್ಲ. ಔಷಧ ಕೊಟ್ಟ ಮೇಲೆ ಅಲ್ಲಿಯೂ ದೊರೆಯಿತು. ಕ್ರಿಯಾಪದಕ್ಕೂ ಕ್ರಿಯೆಗೂ ಮಿದುಳಿನಲ್ಲಿ ನಂಟಿದೆಯೆಂದು ನಂಬಲು ಇದು ಕಾರಣ. ಆ ನಂಟು ಎಷ್ಟು ಅನಿವಾರ್ಯವೆಂಬ ವಾದ ಇನ್ನೂ ಮುಗಿದಿಲ್ಲ. ಅರ್ಥಕ್ಕೆ ಒಂದೇ ಮನೆಯಲ್ಲ, ಹಲವು ಮನೆಗಳೆಂದು ತಿಳಿಯುವುದು ಸದ್ಯಕ್ಕೆ ಲೇಸು.

ನಿಮ್ಮ ಮನೆಯಲ್ಲಿ ಈ ರೋಗದ ಹಿರಿಯರಿದ್ದು, ಮಾತಿಗೆ ತಡವರಿಸಿದರೆ, ಅವರ ಬುದ್ಧಿಯೇ ಮಂದವಾಯಿತೆಂದು ಥಟ್ಟನೆ ತೀರ್ಮಾನಿಸಬೇಡಿ. ಕೈಗೆ ಬಿಡುವು ಕೊಡುವಂತೆ ಮಾತಿಗೂ ಬಿಡುವು ಕೊಡಿ. ಅವರು ಹೇಳಿ ಮುಗಿಸುವ ತನಕ ಕಾಯಿರಿ.