ಆಕಾಶದಲ್ಲಿ 20 ಕಿಲೋಮೀಟರ್ ತಂತಿ

1996ರ ಫೆಬ್ರುವರಿ. ಅಮೆರಿಕದ ಕೊಲಂಬಿಯಾ ನೌಕೆ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿತ್ತು. ಅದರ ಬೆನ್ನಿನ ಬಾಗಿಲುಗಳು ತೆರೆದಿದ್ದವು. ಅಲ್ಲಿಂದ ಎದ್ದು ನಿಂತ ಕಂಬದ ತುದಿಯಿಂದ ಇಟಲಿಯವರು ಮಾಡಿದ ಗುಂಡನೆಯ ಉಪಗ್ರಹವೊಂದು ಮೆಲ್ಲಗೆ ಮೇಲಕ್ಕೆ ಹೊರಟಿತು. ಹೋಗ್ತಾ ಹೋಗ್ತಾ ತನ್ನ ಹಿಂದೆ ತಂತಿ ಎಳೆದುಕೊಂಡೇ ಹೋಯಿತು. ತಂತಿಯ ದಪ್ಪ ಬರೀ ಎರಡೂವರೆ ಮಿಲಿಮೀಟರ್. ಉದ್ದ ಎಷ್ಟು ಗೊತ್ತಾ ಮಕ್ಕಳೇ? 20 ಕಿಲೋಮೀಟರಿಗಿಂತ ಜಾಸ್ತಿ!

ತಂತಿಗೆ ಬ್ಯಾಟರಿ ಜೋಡಿಸಿರಲಿಲ್ಲ. ಆದರೂ ಅದರ ಎರಡು ತುದಿಗಳ ನಡುವೆ ಸುಮಾರು 3,500 ವೋಲ್ಟ್ ಹುಟ್ಟಿತು. ನಮ್ಮ ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್, ಅಷ್ಟೇ.

ಎಲ್ಲಿಂದ ಬಂತು ಈ ವಿದ್ಯುತ್ತು? ಭೂಮಿ ಒಂದು ದೊಡ್ಡ ಅಯಸ್ಕಾಂತ ಅಲ್ಲವೇ? ಅದರ ಕಾಂತಕ್ಷೇತ್ರವನ್ನು ತಂತಿ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಅಡ್ಡಹಾಯುತ್ತಿತ್ತು. ಹಾಗೆ ಅಡ್ಡಹಾಯುವ ತಂತಿಯೊಳಗೆ ಎಲೆಕ್ಟ್ರಾನುಗಳಿಗೆ ನೂಕುಬಲ ಸಿಗುತ್ತದೆ. ಆ ಎತ್ತರದಲ್ಲಿ ಬಿಡಿ ಎಲೆಕ್ಟ್ರಾನುಗಳು ಬೇಕಾದಷ್ಟು ತಿರುಗುತ್ತಿರುತ್ತವೆ. ಉಪಗ್ರಹ ಅವನ್ನು ಹಿಡಿಯಿತು, ಅವು ತಂತಿಯಲ್ಲಿ ಇಳಿದು ಬಂದವು, ನೌಕೆ ಅವನ್ನು ಮತ್ತೆ ಹೊರಕ್ಕೆ ಎಸೆಯಿತು. ಹೀಗೆ ವಿದ್ಯುತ್ತು ಹರಿಯಲು ದಾರಿಯಾಯಿತು.

ಹಾಗಾದರೆ ಇದು ಪುಕ್ಕಟೆ ಕರೆಂಟೇ? ಅಲ್ಲ. ಹಳೇ ಸೈಕಲ್ಲಿನ ಡೈನಮೋವನ್ನು ಟೈರಿಗೆ ತಾಗಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು. ಮನೆಯಲ್ಲಿ ಅಜ್ಜನನ್ನು ಕೇಳಿ ನೋಡಿ. ಇಲ್ಲೂ ಅಷ್ಟೇ, ವಿದ್ಯುತ್ತಿನ ಬೆಲೆಯನ್ನು ನೌಕೆಯ ಓಟವೇ ತೆರಬೇಕು. ಕಾಂತಕ್ಷೇತ್ರ ತಂತಿಯನ್ನು ಹಿಂದಕ್ಕೆ ಜಗ್ಗುತ್ತದೆ, ಕಕ್ಷೆ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತದೆ. ಈಗ ಉಲ್ಟಾ ಯೋಚಿಸಿ. ಸೌರಫಲಕದಿಂದ ಬಂದ ವಿದ್ಯುತ್ತನ್ನು ನಾವೇ ತಂತಿಯಲ್ಲಿ ಎದುರು ದಿಕ್ಕಿಗೆ ಹರಿಸಿದರೆ? ಆಗ ಅದೇ ಕಾಂತಕ್ಷೇತ್ರ ತಂತಿಯನ್ನು ಮುಂದಕ್ಕೆ ತಳ್ಳುತ್ತದೆ! ಇಂಧನ ಸುಡದೆ ಮೇಲೇರುವ ದಾರಿ ಇದು. 1993ರಲ್ಲೇ 500 ಮೀಟರಿನ ಪುಟ್ಟ ತಂತಿಯೊಂದರಲ್ಲಿ ವಿದ್ಯುತ್ತನ್ನು ಎರಡೂ ದಿಕ್ಕಿಗೆ ಹರಿಸಿ ನೋಡಿದ್ದರು.

ಕೊಲಂಬಿಯಾದ ತಂತಿ ಮಾತ್ರ ಪೂರ್ತಿ ಬಿಚ್ಚಿಕೊಳ್ಳಲಿಲ್ಲ. 19.7 ಕಿಲೋಮೀಟರ್ ಆಗುವಷ್ಟರಲ್ಲಿ ಪಟ್ಟನೆ ತುಂಡಾಯಿತು. ಹೊದಿಕೆಯಲ್ಲಿ ಒಂದು ಕಡೆ ಸಣ್ಣ ಗಾಯವಾಗಿತ್ತು. ಆ ಜಾಗದಿಂದ ಕಿಡಿ ಹಾರಿ, ಒಳಗಿನ ಗಟ್ಟಿ ಕೆವ್ಲಾರ್ ಎಳೆಗಳೂ ಸುಟ್ಟುಹೋದವು. ತಾನೇ ಹುಟ್ಟಿಸಿದ ವಿದ್ಯುತ್ತಿಗೆ ತಂತಿ ತಾನೇ ಬಲಿಯಾಯಿತು, ಪಾಪ.

ನನಗೆ ಹೆಚ್ಚು ಖುಷಿ ಕೊಡುವುದು ಆಮೇಲೆ ನಡೆದದ್ದು. ತಪ್ಪಿಸಿಕೊಂಡ ಉಪಗ್ರಹ ಕೆಳಗೆ ಬೀಳಲಿಲ್ಲ, ಇನ್ನೂ ಮೇಲಕ್ಕೆ ಹೋಯಿತು! ಎತ್ತರ ಹೆಚ್ಚಿದಷ್ಟೂ ಸುತ್ತಲು ಬೇಕಾದ ವೇಗ ಕಡಿಮೆ. ತಂತಿಗೆ ಕಟ್ಟಿದ್ದರಿಂದ ಉಪಗ್ರಹ ನೌಕೆಯ ಜೊತೆಜೊತೆಗೇ ಓಡಬೇಕಿತ್ತು, ಅಂದರೆ ಅದರ ಎತ್ತರಕ್ಕೆ ಬೇಕಾದ್ದಕ್ಕಿಂತ ಜೋರಾಗಿ. ಕಟ್ಟು ಬಿಟ್ಟಿತು, ಹೆಚ್ಚುವರಿ ವೇಗ ಮೇಲಕ್ಕೆ ಒಯ್ದಿತು. ದಾರವನ್ನು ಕೆಳಕ್ಕೆ ಇಳಿಬಿಟ್ಟು ಕತ್ತರಿಸಿದರೆ ಇದರ ತದ್ವಿರುದ್ಧ. 1993ರಲ್ಲಿ 20 ಕಿಲೋಮೀಟರ್ ದಾರದ ತುದಿಗೆ ಕಟ್ಟಿದ್ದ ಸಣ್ಣ ಪೆಟ್ಟಿಗೆಯೊಂದನ್ನು ರಾಕೆಟ್ ಉರಿಸದೆಯೇ ಹೀಗೆ ಭೂಮಿಯತ್ತ ಕಳಿಸಿದ್ದರು.