ಮೈದಾ ಟೋರ್ಟಿಯಾ: ಮಾಡುವ ಕ್ರಮ ಮತ್ತು ನಮ್ಮ ದುಡಿಮೆಯ ಲೆಕ್ಕ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಹಂಚಿಕೊಂಡ ಅನುಭವ)



ಭಾಷಣ ಮಾಡಿ ನಮಗೆ ಅಭ್ಯಾಸವಿಲ್ಲ. ಆದರೂ ಒಕ್ಕೂಟದವರು "ನಿಮಗೆ ಆದದ್ದನ್ನು ಆದ ಹಾಗೇ ಹೇಳಿ, ಸಾಕು" ಅಂದರು. ಅದಕ್ಕೆ ಧೈರ್ಯ ಮಾಡಿ ನಿಂತಿದ್ದೇವೆ. ತಪ್ಪಿದ್ದರೆ ತಿದ್ದಿರಿ.

ಪೇಟೆಯಲ್ಲಿ ರೋಲ್ ಮಾಡಿ ಮಾರುವ ಒಂದು ಅಂಗಡಿ ಇದೆ. ಅದರ ಮಾಲೀಕರು ಒಂದು ದಿನ ನಮ್ಮ ಸಂಘದವರನ್ನು ಕರೆದು, "ನೀವು ಚಪಾತಿ ಮಾಡುತ್ತೀರಂತೆ, ನಮಗೆ ಟೋರ್ಟಿಯಾ ಮಾಡಿಕೊಡುತ್ತೀರಾ? ಒಂದು ಸಲಕ್ಕೆ 200 ಬೇಕು" ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೆಸರನ್ನೇ ಕೇಳಿರಲಿಲ್ಲ. ಅವರು ಒಂದನ್ನು ಕೈಗೆ ಕೊಟ್ಟರು. ಮುಟ್ಟಿ ನೋಡಿದರೆ ಬೆಳ್ಳಗೆ, ಮೆತ್ತಗೆ, ಮಡಚಿದರೂ ಮುರಿಯದು. "ಅಯ್ಯೋ, ಇದು ಮೈದಾ ಚಪಾತಿ ಅಲ್ವಾ!" ಅಂದೆವು. ಪೂರ್ತಿ ಹಾಗಲ್ಲ ಅಂತ ಆಮೇಲೆ ಗೊತ್ತಾಯಿತು.

ಮೊದಲು ಇದು ಎಲ್ಲಿಯದು ಅಂತ ತಿಳಿಯೋಣ. ಟೋರ್ಟಿಯಾ ಮೆಕ್ಸಿಕೋ ದೇಶದ ರೊಟ್ಟಿ. ಅಲ್ಲಿ ಮೂಲತಃ ಮಾಡುತ್ತಿದ್ದದ್ದು ಮೆಕ್ಕೆಜೋಳದ್ದು. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು, ಕಲ್ಲಿನ ಮೇಲೆ ಅರೆದು ಹಿಟ್ಟು ಮಾಡುತ್ತಾರೆ. ಸುಣ್ಣ ಯಾಕೆ ಅಂದರೆ, ಅದರಿಂದ ಹಿಟ್ಟು ಅಂಟಿಕೊಳ್ಳುತ್ತದೆ, ಮೆಕ್ಕೆಜೋಳದಲ್ಲಿ ಅಡಗಿರುವ ಒಂದು ಜೀವಸತ್ವವೂ ಮೈಗೆ ಹತ್ತುತ್ತದೆ. ಓದು ಬರಹ ಇಲ್ಲದ ತಾಯಂದಿರು ಸಾವಿರಾರು ವರ್ಷದ ಹಿಂದೆಯೇ ಕಂಡುಕೊಂಡ ವಿದ್ಯೆ ಇದು.

ಗೋಧಿ ಅಲ್ಲಿಗೆ ಹೋದದ್ದು 16ನೇ ಶತಮಾನದಲ್ಲಿ, ಸ್ಪೇನಿನವರ ಜೊತೆ. ದೇಶದ ವಾಯವ್ಯ ಮೂಲೆಯಲ್ಲಿ ಸೊನೋರಾ ಅಂತ ಒಂದು ಒಣ ಸೀಮೆ ಇದೆ. 1687ರಲ್ಲಿ ಅದರ ಉತ್ತರ ಭಾಗಕ್ಕೆ ಬಂದ ಯೇಸುಸಭೆಯ ಗುರು ಯುಸೇಬಿಯೊ ಕಿನೊ ಅವರು ಗೋಧಿ ಬೇಸಾಯವನ್ನೂ ದನ ಸಾಕಣೆಯನ್ನೂ ಅಲ್ಲಿನ ಊರುಗಳಲ್ಲಿ ಹರಡಿದರು. ಮೆಕ್ಕೆಜೋಳ ಬೇಸಿಗೆಯ ಮಳೆಗೆ ಬರುವ ಬೆಳೆ, ಗೋಧಿ ಚಳಿಗಾಲದ್ದು. ಹೊಲ ಖಾಲಿ ಇರುವ ಕಾಲದಲ್ಲಿ ಇನ್ನೊಂದು ಬೆಳೆ ಸಿಕ್ಕಿತು. ಹೀಗೆ ಗೋಧಿ ಹಿಟ್ಟಿನ ಟೋರ್ಟಿಯಾ ಆ ಸೀಮೆಯ ಮನೆಮನೆಯ ಅಡುಗೆ ಆಯಿತು. ಅಲ್ಲಿನ ಹೆಂಗಸರು ಕೆಲವು ಟೋರ್ಟಿಯಾಗಳನ್ನು ಲಟ್ಟಣಿಗೆ ಇಲ್ಲದೆ, ಬರೀ ಕೈಯಿಂದ ಎಳೆದೆಳೆದು ತೋಳುದ್ದ ಅಗಲ ಮಾಡುತ್ತಾರೆ.

ಸೊನೋರಾ ಅಂದರೆ ನಮಗೇನು ಸಂಬಂಧ ಅನ್ನಬೇಡಿ. ಡಾ. ನಾರ್ಮನ್ ಬೋರ್ಲಾಗ್ ಅನ್ನುವ ವಿಜ್ಞಾನಿ ಗಿಡ್ಡ ತಳಿಯ ಗೋಧಿಯನ್ನು ಬೆಳೆಸಿ ಪರೀಕ್ಷೆ ಮಾಡಿದ ಮುಖ್ಯ ಜಾಗಗಳಲ್ಲಿ ಒಂದು ಅದೇ ಸೀಮೆಯ ಯಾಕಿ ಕಣಿವೆ. 1966ರಲ್ಲಿ ನಮ್ಮ ದೇಶ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿತು. ಅದರಲ್ಲಿದ್ದ ಒಂದು ತಳಿಯ ಹೆಸರೇ 'ಸೊನೋರಾ 64'. ಇವತ್ತು ನಮ್ಮ ದೇಶದ ಎಷ್ಟೋ ಗೋಧಿ ತಳಿಗಳಲ್ಲಿ ಆ ಬೀಜದ ವಂಶ ಇದೆ. ಅಂದಮೇಲೆ ಅವರ ರೊಟ್ಟಿಯೂ ನಮ್ಮ ಚಪಾತಿಯೂ ದೂರದ ನೆಂಟರೇ.

ಈಗ ಮಾಡುವ ಕ್ರಮಕ್ಕೆ ಬರೋಣ. ಬೇಕಾದವರು ಬರೆದುಕೊಳ್ಳಿ.

ಮೈದಾ ಅರ್ಧ ಕೆಜಿ, ಎಣ್ಣೆ 80 ಗ್ರಾಂ (6 ದೊಡ್ಡ ಚಮಚ), ಉಪ್ಪು ಒಂದೂವರೆ ಸಣ್ಣ ಚಮಚ, ಬಿಸಿ ನೀರು ಸುಮಾರು 250 ಮಿಲಿ. ಅಲ್ಲಿನವರು ಹಂದಿಯ ಕೊಬ್ಬು ಹಾಕುತ್ತಾರೆ. ನಾವು ಎಲ್ಲರೂ ತಿನ್ನಲಿ ಅಂತ ಅಡುಗೆ ಎಣ್ಣೆ ಹಾಕುತ್ತೇವೆ.

ಒಂದು: ಹಿಟ್ಟಿಗೆ ಉಪ್ಪು ಬೆರೆಸಿ, ನೀರು ಹಾಕುವ ಮೊದಲೇ ಎಣ್ಣೆ ಹಾಕಿ ಎರಡೂ ಕೈಯಿಂದ ಚೆನ್ನಾಗಿ ಉಜ್ಜಿ. ಮುಷ್ಟಿಯಲ್ಲಿ ಒತ್ತಿದರೆ ಹಿಟ್ಟು ಉಂಡೆ ಕಟ್ಟಬೇಕು. ನಾವು ಮೊದಲ ಸಲ ಚಪಾತಿಯ ಹಾಗೆ ನೀರು ಹಾಕಿ ಕಲಸಿ, ಕೊನೆಗೆ ಎಣ್ಣೆ ಸವರಿದೆವು. ರೊಟ್ಟಿ ಚರ್ಮದ ಹಾಗೆ ಜಗ್ಗಿತು. ಎಣ್ಣೆ ಮೊದಲು ಹಿಟ್ಟಿನ ಕಣಕ್ಕೆ ಹತ್ತಿದರೆ ಹಿಟ್ಟಿನ ಜಿಗುಟು ಮಿತಿಯಲ್ಲಿರುತ್ತದೆ, ರೊಟ್ಟಿ ಮೆತ್ತಗೆ ಬರುತ್ತದೆ.

ಎರಡು: ಬಿಸಿ ನೀರನ್ನು ಸ್ವಲ್ಪ ಸ್ವಲ್ಪ ಹಾಕಿ ಕಲಸಿ, ಐದು ನಿಮಿಷ ನಾದಿ. ನೀರು ಕೈ ತಾಳುವಷ್ಟು ಬಿಸಿ ಇರಲಿ, ಕುದಿಯುವುದು ಬೇಡ. ಹಿಟ್ಟು ಹಿಟ್ಟಿಗೂ ನೀರಿನ ಅಳತೆ ಬದಲಾಗುತ್ತದೆ, ಕೈಯನ್ನೇ ನಂಬಿ.

ಮೂರು: 20 ಉಂಡೆ ಮಾಡಿ. ತಕ್ಕಡಿಯಲ್ಲಿ ತೂಗಿದರೆ ಒಂದೊಂದು 40 ಗ್ರಾಂ ಚಿಲ್ಲರೆ ಬರುತ್ತದೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆ ಉಳಿಸೋಣ ಅಂತ ಹೊರಟರೆ ಕೆಟ್ಟೆವು! ನಾದಿದ ಹಿಟ್ಟು ಬಿಗಿದಿರುತ್ತದೆ, ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ವಿಶ್ರಾಂತಿ ಕೊಟ್ಟರೆ ತಾನೇ ಸಡಿಲವಾಗುತ್ತದೆ. ಹಿಟ್ಟಿಗೂ ವಿಶ್ರಾಂತಿ ಬೇಕು, ನಮಗೇ ಸಿಗುವುದಿಲ್ಲ ಅಷ್ಟೇ.

ನಾಲ್ಕು: 8 ಅಂಗುಲ ಅಗಲಕ್ಕೆ ಒಂದೇ ಸಮ ತೆಳ್ಳಗೆ ಲಟ್ಟಿಸಿ. ಒಣ ಹಿಟ್ಟು ಜಾಸ್ತಿ ಉದುರಿಸಬೇಡಿ. ಅದು ಕಾವಲಿಯಲ್ಲಿ ಸೀದು ಕಹಿಯಾಗುತ್ತದೆ.

ಐದು: ಕಾವಲಿ ಚೆನ್ನಾಗಿ ಕಾದಿರಲಿ, ಎಣ್ಣೆ ಬೇಡ. ಒಂದು ಬದಿ 30-40 ಸೆಕೆಂಡು. ಮೇಲೆ ಗುಳ್ಳೆ ಎದ್ದ ಕೂಡಲೇ ತಿರುವಿ, ಇನ್ನೊಂದು ಬದಿಯೂ ಅಷ್ಟೇ. ಅಲ್ಲಲ್ಲಿ ಕಂದು ಚುಕ್ಕೆ ಬಂದರೆ ಸಾಕು. ಕಾವು ಕಡಿಮೆಯಾದರೆ ಬೇಯಲು ಹೊತ್ತು ಹಿಡಿದು ರೊಟ್ಟಿ ಒಣಗಿ, ಮಡಚುವಾಗ ಮುರಿಯುತ್ತದೆ. ಫುಲ್ಕಾದ ಹಾಗೆ ಬೆಂಕಿಗೆ ಹಿಡಿದು ಉಬ್ಬಿಸುವುದು ಇಲ್ಲಿ ಬೇಡ.

ಆರು: ತೆಗೆದ ಕೂಡಲೇ ಬಟ್ಟೆಯೊಳಗೆ ಒಂದರ ಮೇಲೊಂದು ಇಡಿ. ಅದರ ಹಬೆಗೇ ಮೆತ್ತಗಾಗುತ್ತದೆ. ಮನೆಗಾದರೆ ಬಿಸಿಬಿಸಿ ತಿನ್ನಿ. ಮಾರಾಟಕ್ಕಾದರೆ ಪೂರ್ತಿ ಆರಿಸಿಯೇ ಕವರಿಗೆ ಹಾಕಿ.

ಈ ಆರನೆಯದೇ ನಮಗೆ ಪಾಠ ಕಲಿಸಿತು. ಮೊದಲ ಆರ್ಡರಿನ ದಿನ ಹೊತ್ತಾಯಿತು ಅಂತ ಬಿಸಿ ಇರುವಾಗಲೇ ಪ್ಯಾಕ್ ಮಾಡಿ ಕಳಿಸಿದೆವು. ಹಬೆ ಒಳಗೇ ನೀರಾಯಿತು. ಮೂರನೇ ದಿನ ಅಂಗಡಿಯಿಂದ ಫೋನು. 60 ಟೋರ್ಟಿಯಾಗಳಿಗೆ ಬೂಷ್ಟು ಹಿಡಿದಿತ್ತು. ಅವು ವಾಪಸ್ಸು ಬಂದವು, ದುಡ್ಡು ಬರಲಿಲ್ಲ. ಎರಡು ದೊಡ್ಡ ಕಾವಲಿ, ಒಂದು ತಕ್ಕಡಿಗೆ ಅಂತ ಸಂಘದಿಂದಲೇ 3,000 ರೂಪಾಯಿ ಆಂತರಿಕ ಸಾಲ ತೆಗೆದಿದ್ದೆವು. ಅದು ಎಲ್ಲರ ಉಳಿತಾಯದ ದುಡ್ಡು. ಆ ವಾರದ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಈಗ ನಾವು ಅಗಲವಾದ ಬಿದಿರಿನ ಮೊರದಲ್ಲಿ ತೆಳು ಬಟ್ಟೆ ಮುಚ್ಚಿ, ತಣ್ಣಗಾದ ಮೇಲೇ ಕವರಿಗೆ ಹಾಕುತ್ತೇವೆ. ಹೊರಗೆ ಒಂದು ದಿನ, ಫ್ರಿಜ್ಜಿನಲ್ಲಿ ನಾಲ್ಕು ದಿನ ಅಂತ ಅಂಗಡಿಯವರಿಗೂ ಹೇಳಿದ್ದೇವೆ. ಕವರಿನ ಮೇಲೆ ಮಾಡಿದ ತಾರೀಖು ಬರೆಯುತ್ತೇವೆ. ತಿನ್ನುವ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಲೇಬೇಕು. ಅದನ್ನೂ ಮಾಡಿಸಿದೆವು.

ಈಗ ಮುಖ್ಯ ವಿಷಯ. ಅಂಗಡಿಯವರು ಒಂದಕ್ಕೆ 4 ರೂಪಾಯಿ ಅಂದಿದ್ದರು. 200ಕ್ಕೆ 800. ನಮಗೆ ಖುಷಿಯೋ ಖುಷಿ. ಆಗ ನಮ್ಮಲ್ಲಿ ಹಿರಿಯರಾದ ಅಕ್ಕ ಒಬ್ಬರು, "ಠರಾವು ಪುಸ್ತಕ ತೆಗೀರಿ, ಲೆಕ್ಕ ಬರೀರಿ" ಅಂದರು. ಬರೆದೆವು. ಮೈದಾ, ಉಪ್ಪು 225. ಎಣ್ಣೆ 120. ಗ್ಯಾಸ್ 60. ಕವರು 45. ಬಸ್ಸಿಗೆ 50. ಒಟ್ಟು 500. ಉಳಿದದ್ದು 300 ರೂಪಾಯಿ. "ಲಾಭ 300" ಅಂತ ನಮ್ಮ ಕಾರ್ಯದರ್ಶಿ ಬರೆಯುವುದಕ್ಕೆ ಹೋದರು. ಅಕ್ಕ ತಡೆದರು. "ಐದು ಜನ ಮೂರು ಗಂಟೆ ನಿಂತಿದ್ದೀವಿ. ಅದು 15 ಗಂಟೆ. ಅದರ ಕೂಲಿ ಎಲ್ಲಿ ಬರೆದಿದ್ದೀರಿ?"

ಭಾಗಿಸಿ ನೋಡಿದರೆ ಗಂಟೆಗೆ 20 ರೂಪಾಯಿ! ಹೊಲದ ಕೆಲಸಕ್ಕೆ ಕರೆದರೆ ಆ ಕೂಲಿಗೆ ನಾವು ಹೋಗುತ್ತೇವಾ? ಹೋಗುವುದಿಲ್ಲ. ಆದರೆ ಅಡುಗೆ ಅಂದ ತಕ್ಷಣ ನಮ್ಮ ಕೈಗೆ ಬೆಲೆ ಇಲ್ಲ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಮನೆಯಲ್ಲಿ ದಿನಾ ಬಿಟ್ಟಿ ಮಾಡುವ ಕೆಲಸ ಅಲ್ವಾ, ಅದಕ್ಕೇ.

ಮೆಕ್ಸಿಕೋದ ಹೆಂಗಸರ ಕಥೆಯೂ ಇದೇ. ಮನೆಮಂದಿಗೆಲ್ಲ ಬೇಕಾದ ಮೆಕ್ಕೆಜೋಳವನ್ನು ಮಂಡಿಯೂರಿ ಕಲ್ಲಿನ ಮೇಲೆ ಅರೆಯುವುದಕ್ಕೆ ದಿನಕ್ಕೆ ಎಷ್ಟೋ ಗಂಟೆ ಹೋಗುತ್ತಿತ್ತು. ನಮ್ಮ ಅಜ್ಜಿಯಂದಿರು ಬೆಳಗಿನ ಜಾವ ಎದ್ದು ಬೀಸುತ್ತಿದ್ದ ಹಾಗೆ. 20ನೇ ಶತಮಾನದಲ್ಲಿ ಹಳ್ಳಿಗಳಿಗೆ ಗಿರಣಿ ಬಂತು. 1934ರಿಂದ 1940ರವರೆಗೆ ಲಾಸಾರೊ ಕಾರ್ಡೆನಾಸ್ ಅಧ್ಯಕ್ಷರಾಗಿದ್ದಾಗ, ಸರ್ಕಾರ ಅನೇಕ ಹಳ್ಳಿಗಳಲ್ಲಿ ಗಿರಣಿಯನ್ನು ಹೆಂಗಸರ ಸಂಘಗಳಿಗೇ ಕೊಟ್ಟಿತು. ಗಿರಣಿ ಯಾರ ಕೈಯಲ್ಲಿರಬೇಕು, ಅದರ ದುಡ್ಡು ಯಾರಿಗೆ ಅಂತ ಅಲ್ಲೂ ಜಗಳಗಳಾದವು. ಯಂತ್ರದಿಂದ ಬೆನ್ನು ನೋವು ಕಡಿಮೆಯಾಗಬಹುದು. ಆದರೆ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಉಳಿದ ಹೊತ್ತೂ ಬಂದ ದುಡ್ಡೂ ನಮ್ಮದಾಗುವುದಿಲ್ಲ.

ನಾವು ಮೂರು ಜನ ಆ ಪುಸ್ತಕ ಹಿಡಿದುಕೊಂಡೇ ಅಂಗಡಿಗೆ ಹೋದೆವು. 6 ರೂಪಾಯಿ ಕೇಳಿದೆವು. ಅವರು ಮೊದಲು ನಕ್ಕರು. "ಬೂಷ್ಟು ಬಂದದ್ದು ಮರೆತಿರಾ?" ಅಂದರು. ಆ ತಪ್ಪನ್ನು ಒಪ್ಪಿಕೊಂಡೆವು, ಈಗ ಹೇಗೆ ಆರಿಸುತ್ತೇವೆ ಅಂತ ತಿಳಿಸಿ, ಲೆಕ್ಕದ ಪುಟ ತೋರಿಸಿದೆವು. ಕೊನೆಗೆ 5 ರೂಪಾಯಿ 50 ಪೈಸೆಗೆ ಒಪ್ಪಿದರು. ಆದರೆ ದಿನಾ ಬೇಡ, ವಾರಕ್ಕೆ ಮೂರು ದಿನ ಸಾಕು ಅಂದರು. ಈಗ 200ಕ್ಕೆ 1,100 ಬರುತ್ತದೆ. ಖರ್ಚು 500 ಕಳೆದರೆ 600. ಗಂಟೆಗೆ 40 ರೂಪಾಯಿ. ಇದೂ ದೊಡ್ಡ ಕೂಲಿ ಏನಲ್ಲ. ಆದರೆ ಇದು ನಾವು ಬಾಯಿ ಬಿಟ್ಟು ಕೇಳಿ ಪಡೆದದ್ದು. ಸಾಲದ ಕಂತನ್ನೂ ತಪ್ಪದೆ ಕಟ್ಟುತ್ತಿದ್ದೇವೆ.

ಒಂದು ಎಚ್ಚರಿಕೆಯ ಮಾತು. ಮೈದಾದಲ್ಲಿ ತೌಡು ಇಲ್ಲ, ನಾರು ಕಡಿಮೆ. ಮಾರುತ್ತೇವೆ ಅಂತ ಮನೆಯಲ್ಲಿ ಮಕ್ಕಳಿಗೆ ದಿನಾ ಇದನ್ನೇ ಕೊಡಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಒಳ್ಳೆಯದಲ್ಲ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕಿಯೂ ಮಾಡಬಹುದು, ನೀರು ಸ್ವಲ್ಪ ಜಾಸ್ತಿ ಬೇಕು. ಒಳಗೆ ಹುರುಳಿಕಾಯಿ ಪಲ್ಯ, ಮೊಟ್ಟೆ, ಅಲಸಂದೆ ಕಾಳು ಇಟ್ಟು ಸುತ್ತಿಕೊಟ್ಟರೆ ಮಕ್ಕಳು ಖುಷಿಯಿಂದ ತಿನ್ನುತ್ತಾರೆ.

ಅಕ್ಕಂದಿರೇ, ಎಲ್ಲರೂ ಟೋರ್ಟಿಯಾನೇ ಮಾಡಿ ಅಂತ ನಾವು ಹೇಳುವುದಿಲ್ಲ. ನಿಮ್ಮೂರಲ್ಲಿ ಜೋಳದ ರೊಟ್ಟಿಗೆ ಗಿರಾಕಿ ಇರಬಹುದು, ಅಕ್ಕಿ ರೊಟ್ಟಿಗೆ ಇರಬಹುದು, ಹಪ್ಪಳಕ್ಕೆ ಇರಬಹುದು. ಯಾವುದನ್ನೇ ಮಾಡಿ, ಮೊದಲ ದಿನವೇ ಪುಸ್ತಕದಲ್ಲಿ ಒಂದು ಸಾಲು ಜಾಸ್ತಿ ಬರೆಯಿರಿ: "ನಮ್ಮ ಕೂಲಿ". ಮುಂದಿನ ಸಭೆಗೆ ಬರುವಾಗ ಆ ಪುಟವನ್ನು ತನ್ನಿ, ಎಲ್ಲರೂ ಕೂತು ನೋಡೋಣ. ನಾವು ಇವತ್ತು ನಾಲ್ಕು ಕೆಜಿ ಹಿಟ್ಟು, ಕಾವಲಿ ತಂದಿದ್ದೇವೆ. ಚಹಾ ಆದ ಮೇಲೆ ಹಿಂದಿನ ಜಗಲಿಗೆ ಬನ್ನಿ, ಎಲ್ಲರೂ ಒಂದೊಂದು ಲಟ್ಟಿಸಿ ನೋಡಿ.