ಮುಚ್ಚಿದ ಬಾಗಿಲೂ ಕ್ರಿಸ್‌ಮಸ್ ಹಬ್ಬವೂ
(ಸಂಘದ ಕ್ರಿಸ್‌ಮಸ್ ಕೂಟದಲ್ಲಿ ಮಾಡಿದ ಭಾಷಣ)



ಕ್ರಿಸ್‌ಮಸ್ ಬಂತೆಂದರೆ ಈ ಮುಂಬಯಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನಕ್ಷತ್ರದ ದೀಪ, ಕೇಕಿನ ಅಂಗಡಿ, ಹೊಸ ಬಟ್ಟೆ. ಇವೆಲ್ಲ ಇರಲಿ, ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಹೊಟೇಲಿನಲ್ಲಿ ದುಡಿಯುವವರಿಗೆ ಹಬ್ಬದ ದಿನವೇ ಗಿರಾಕಿಗಳ ನೂಕುನುಗ್ಗಲು. ರಜೆಯ ಮಾತೇ ಇಲ್ಲ. ಊರಿಗೆ ಹೋಗೋಣವೆಂದರೆ ಕೈಯಲ್ಲಿ ಹಣ ಸಾಲದು. ಇಂಥ ಹೊತ್ತಿನಲ್ಲಿ ಇಗರ್ಜಿಯಲ್ಲಿ ‘ಸಂತೋಷಪಡಿರಿ’ ಎಂಬ ಮಾತು ಕೇಳಿದಾಗ, ‘ಸಂತೋಷವನ್ನು ಎಲ್ಲಿಂದ ತರೋಣ?’ ಎಂದು ಮನಸ್ಸು ಕೇಳುತ್ತದೆ. ಆ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಲೂಕನ ಸುವಾರ್ತೆಯಲ್ಲಿ ಬರುವ ಕಥೆ ನಿಮಗೆ ತಿಳಿದದ್ದೇ. ತುಂಬು ಗರ್ಭಿಣಿಯಾದ ಮರಿಯಳೂ ಬಡಗಿ ಯೋಸೇಫನೂ ಸರ್ಕಾರದ ಜನಗಣತಿಗಾಗಿ ನಜರೇತಿನಿಂದ ಬೇತ್ಲೆಹೇಮಿಗೆ ಬರುತ್ತಾರೆ. ಛತ್ರದಲ್ಲಿ ಜಾಗ ಸಿಗುವುದಿಲ್ಲ. ಹುಟ್ಟಿದ ಕೂಸಿಗೆ ಗೋದಲಿಯೇ ತೊಟ್ಟಿಲಾಗುತ್ತದೆ. ಈ ಸುದ್ದಿ ಮೊದಲು ಮುಟ್ಟಿದ್ದು ಯಾರಿಗೆ? ಬಯಲಿನಲ್ಲಿ ಕುರಿ ಕಾಯುತ್ತಿದ್ದವರಿಗೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ರಾತ್ರಿ ಪಾಳಿಯವರಿಗೆ. ಅವರು ಹೋಗಿ ಕೂಸನ್ನು ನೋಡಿ, ದೇವರನ್ನು ಕೊಂಡಾಡುತ್ತ ಹಿಂದಿರುಗಿದರು. ಅವರ ಕುರಿಗಳು ಹೆಚ್ಚಲಿಲ್ಲ, ಬಡತನ ನೀಗಲಿಲ್ಲ. ಆದರೂ ಅವರು ಬಂದಂತೆಯೇ ಹಿಂದಿರುಗಲಿಲ್ಲ.

ಇದು ಎಂದೋ ನಡೆದ ಕಥೆಯಾಯಿತು, ನಮ್ಮ ಕಾಲಕ್ಕೆ ಹೊಂದೀತೇ ಎಂದು ಯಾರಾದರೂ ಕೇಳಬಹುದು. ಅವರಿಗಾಗಿ ಹತ್ತಿರದ ಕಾಲದ ಒಬ್ಬರ ವಿಷಯ ಹೇಳುತ್ತೇವೆ. ಜರ್ಮನಿಯಲ್ಲಿ ಡೀಟ್ರಿಕ್ ಬಾನ್‌ಹಾಫರ್ ಎಂಬ ಪಾದ್ರಿಗಳಿದ್ದರು. ಹಿಟ್ಲರನ ಆಳ್ವಿಕೆಯನ್ನು ಎದುರಿಸಿದವರು. 1943ರ ಏಪ್ರಿಲ್ 5ರಂದು ಅವರನ್ನು ಬಂಧಿಸಿ, ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಇಟ್ಟರು. ಮದುವೆ ನಿಶ್ಚಯವಾಗಿ ಆಗಿನ್ನೂ ಕೆಲವೇ ತಿಂಗಳಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಅವರು ತಂದೆತಾಯಿಗೆ ಒಂದು ಕಾಗದ ಬರೆದರು. ಛತ್ರದಲ್ಲಿ ಜಾಗವಿಲ್ಲದೆ ಕ್ರಿಸ್ತನು ದನದ ಕೊಟ್ಟಿಗೆಯಲ್ಲಿ ಹುಟ್ಟಿದನೆಂಬುದು ಸೆರೆಯಲ್ಲಿರುವವನಿಗೆ ಇತರರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅದರ ಒಂದು ಭಾವ. ಗೆಳೆಯನಿಗೆ ಬರೆದ ಮತ್ತೊಂದು ಕಾಗದದಲ್ಲಿ, ಸೆರೆವಾಸವನ್ನು ಅವರು ಕ್ರಿಸ್‌ಮಸ್ಸಿಗೆ ಮುಂಚಿನ ಆಗಮನ ಕಾಲಕ್ಕೆ ಹೋಲಿಸಿದರು. ಬಾಗಿಲು ಮುಚ್ಚಿದೆ, ಒಳಗಿನಿಂದ ತೆರೆಯಲಾಗದು, ಹೊರಗಿನಿಂದಲೇ ತೆರೆಯಬೇಕು. ಅಲ್ಲಿಯ ತನಕ ಕಾಯಬೇಕು.

ಕಾಯುವುದೆಂದರೆ ಅವರು ಗೋಡೆಗೆ ಮುಖಮಾಡಿ ಕುಳಿತಿರಲಿಲ್ಲ. ಆ ಕ್ರಿಸ್‌ಮಸ್ಸಿಗೆ ಜೊತೆಯ ಕೈದಿಗಳಿಗಾಗಿ ಪ್ರಾರ್ಥನೆಗಳನ್ನು ಬರೆದುಕೊಟ್ಟರು. ವಿಮಾನದಿಂದ ಬಾಂಬು ಬೀಳುವ ರಾತ್ರಿಗಳಲ್ಲಿ ಹೆದರಿದವರಿಗೆ ಧೈರ್ಯ ಹೇಳಿದರು. ಬಾಗಿಲು ಮಾತ್ರ ತೆರೆಯಲಿಲ್ಲ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದರು. ಆಗ ಅವರಿಗೆ 39 ವರ್ಷ. ಇನ್ನೊಂದು ತಿಂಗಳಿಗೆ ಜರ್ಮನಿ ಶರಣಾಗಿ ಯುರೋಪಿನ ಯುದ್ಧ ಮುಗಿಯಿತು.

ಬಂಧುಗಳೇ, ಈ ಕಡೆಯ ಮಾತನ್ನು ಮುಚ್ಚಿಟ್ಟು ನಿಮಗೆ ಸುಲಭವಾದ ಸಮಾಧಾನ ಹೇಳುವುದು ನಮಗೆ ಇಷ್ಟವಿಲ್ಲ. ಮುಚ್ಚಿದ ಬಾಗಿಲು ಎಂದರೇನೆಂದು ಈ ಊರಿನ ಗಿರಣಿ ಕೆಲಸಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1982ರ ಜನವರಿ 18ರಂದು ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಇಂದಲ್ಲ ನಾಳೆ ಗೇಟು ತೆರೆಯುತ್ತದೆಂದು ಕಾದವರಲ್ಲಿ ಬಹಳ ಜನ ಮತ್ತೆ ಒಳಗೆ ಕಾಲಿಡಲಿಲ್ಲ. ದೇವರನ್ನು ನಂಬಿದವರಿಗೆ ಕೆಲಸ ಸಿಕ್ಕೇ ಸಿಗುತ್ತದೆ, ಸಾಲ ತೀರಿಯೇ ತೀರುತ್ತದೆ ಎಂದು ಅಂಥವರ ಮುಂದೆ ಹೇಳಿದರೆ ಅದು ಧರ್ಮವಾಗದು.

ಹಾಗಾದರೆ ಕ್ರಿಸ್‌ಮಸ್ಸಿನ ಭರವಸೆ ಯಾವುದು? ನಾವು ತಿಳಿದಮಟ್ಟಿಗೆ ಅದು ಇಷ್ಟು: ದೇವರು ಬಾಗಿಲ ಹೊರಗೆ ಉಳಿದವರ ಕಡೆಯಲ್ಲಿ ಹುಟ್ಟಿದನು. ಆದುದರಿಂದ ಜಾಗ ಸಿಗದವನು ದೇವರಿಗೆ ಬೇಡವಾದವನಲ್ಲ. ಇದನ್ನು ನಂಬಿದವನು ತಾನು ಕಾಯುತ್ತಿರುವಾಗಲೂ ಪಕ್ಕದವನ ಕೈ ಹಿಡಿಯಬಲ್ಲನು. ಸಂಬಳ ಬಂದ ದಿನ ಉಕ್ಕಿ, ಕೆಲಸ ಹೋದ ದಿನ ಆರಿಹೋಗುವ ನಂಬಿಕೆ ನಮಗೆ ಸಾಲದು. ದಿನದಿನವೂ ಎಣ್ಣೆ ಹೊಯ್ದು ಕಾಪಾಡುವ ದೀಪದಂಥ ನಂಬಿಕೆ ಬೇಕು. ಪ್ರಾರ್ಥನೆ ಒಂದು ಎಣ್ಣೆ. ಪರರಿಗೆ ಮಾಡುವ ಸಹಾಯ ಇನ್ನೊಂದು.

ಆದುದರಿಂದ ಈ ಹಬ್ಬದಲ್ಲಿ ಮೂರು ಕೆಲಸ ಮಾಡೋಣ. ಡಿಸೆಂಬರ್ 24ರ ರಾತ್ರಿ ಪಾಳಿ ಬಿದ್ದ ಕ್ರೈಸ್ತ ಗೆಳೆಯನ ಜಾಗದಲ್ಲಿ ಇತರರು ನಿಲ್ಲಲಿ. ಚೌತಿಗೂ ದೀಪಾವಳಿಗೂ ಅವನು ಅವರ ಜಾಗದಲ್ಲಿ ನಿಲ್ಲುವನು. ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿರುವ ನಮ್ಮವರನ್ನು ಹೋಗಿ ನೋಡೋಣ. ಊರಿನಿಂದ ಹೊಸದಾಗಿ ಬಂದು ಮಲಗಲು ಜಾಗವಿಲ್ಲದ ಹುಡುಗ ಕೋಣೆಯ ಬಾಗಿಲು ತಟ್ಟಿದರೆ, ಜಾಗವಿಲ್ಲವೆನ್ನದೆ ಚಾಪೆಯನ್ನು ಸ್ವಲ್ಪ ಸರಿಸೋಣ. ಹೊರಗಿನಿಂದ ತೆರೆಯಬೇಕಾದ ಎಷ್ಟೋ ಬಾಗಿಲುಗಳ ಅಗುಳಿ ನಮ್ಮ ಕೈಯಲ್ಲೂ ಇದೆ.